ನೀರಿನ ಲೆಕ್ಕದಲ್ಲಿ ಎಲೆಯ ಸಾಕ್ಷ್ಯ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಸುತ್ತ ರೈತನ ಬದುಕು ಮುಖ್ಯವಾಗಿ ನಿಂತಿರುವುದು ಹಿಪ್ಪುನೇರಳೆ ಮತ್ತು ದ್ರಾಕ್ಷಿಯ ಮೇಲೆ. ಶಾಶ್ವತ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಳದ ನೀರಿನೊಂದಿಗೆ ಫ್ಲೋರೈಡ್ ಕೂಡ ಮೇಲೆ ಬಂತು. ಹೀಗಿರುವಾಗ ಬೆಂಗಳೂರಿನ ತ್ಯಾಜ್ಯನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆಯನ್ನು ಜನ ಸ್ವಾಗತಿಸಿದ್ದು ಸಹಜವೇ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಉದ್ದೇಶ ದಿನಕ್ಕೆ 21 ಕೋಟಿ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸುವುದು. ಇದಕ್ಕೂ ಮೊದಲು ಕೋಲಾರಕ್ಕೆ ಬಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೆಬ್ಬಿಸಿತ್ತು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2019ರಲ್ಲಿ ಯೋಜನೆ ಮುಂದುವರಿಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಾಣಿಸಿಕೊಂಡದ್ದೂ ನಿಜ.

ಕೆರೆಯ ನೀರು ಮಣ್ಣಿನಲ್ಲಿ ಇಂಗುವಾಗ ಶುದ್ಧವಾಗುತ್ತದೆ ಎಂಬ ಸಮಾಧಾನ ಅರ್ಧಸತ್ಯ. ಮಣ್ಣು ತೇಲುವ ಕಶ್ಮಲವನ್ನು ತಡೆದೀತು. ಕರಗಿದ ಲವಣ ಮತ್ತು ನೈಟ್ರೇಟುಗಳು ನೀರಿನೊಡನೆ ಇಳಿಯುತ್ತವೆ. ಲವಣ ಹೆಚ್ಚಿದಾಗ ಬೇರು ನೀರನ್ನು ಹೀರಲಾರದು. ನೆಲ ಒದ್ದೆಯಿದ್ದರೂ ಗಿಡಕ್ಕೆ ಬಾಯಾರಿಕೆ ತಪ್ಪದು, ಎಲೆಯಂಚು ಸುಡುತ್ತದೆ. ಸೋಡಿಯಂ ಜೇಡಿಮಣ್ಣಿನ ರಚನೆಯನ್ನೇ ಕೆಡಿಸುತ್ತದೆ. ಸಾರಜನಕ ಅತಿಯಾದರೆ ಸೊಪ್ಪು ಹುಲುಸಾಗಿ ಕಂಡರೂ ಅದರಲ್ಲಿ ನೀರಿನಂಶವೇ ಹೆಚ್ಚು. ಹುಳುವಿಗೆ ಬೇರೆ ಆಹಾರವಿಲ್ಲ. ಸೊಪ್ಪಿನ ಗುಣ ಕೆಟ್ಟರೆ ಹುಳು ಬಲಗುಂದಿ ಸಪ್ಪೆ ರೋಗಕ್ಕೆ ಈಡಾಗುತ್ತದೆ. ನಷ್ಟ ಗೂಡಿನ ಮಾರುಕಟ್ಟೆಯ ತೂಕದಲ್ಲಿ ಕಾಣುತ್ತದೆ.

ಸೇವೆಯಲ್ಲಿದ್ದಾಗ ನಾನೂ ನೀರನ್ನು ಪ್ರಮಾಣದಿಂದಷ್ಟೇ ಅಳೆದವನು. ಪ್ರಗತಿ ವರದಿಯಲ್ಲಿ ಎಷ್ಟು ಕೆರೆ ತುಂಬಿತು ಎಂಬ ಅಂಕಣವಿರುತ್ತಿತ್ತು. ಎಂಥ ನೀರು ತುಂಬಿತು ಎಂಬುದಕ್ಕೆ ಅಂಕಣವಿರಲಿಲ್ಲ. ಅರ್ಥಶಾಸ್ತ್ರ ಓದಿದವನಿಗೆ ಈ ಲೋಪ ಮೊದಲೇ ಹೊಳೆಯಬೇಕಿತ್ತು. ಮೂರನೇ ಹಂತದ ಸಂಸ್ಕರಣೆ ದುಬಾರಿ ಎನ್ನುವವರು ಆ ವೆಚ್ಚವನ್ನು ಉಳಿಸುತ್ತಿಲ್ಲ. ನಗರದ ಖಾತೆಯಿಂದ ರೈತನ ಖಾತೆಗೆ ವರ್ಗಾಯಿಸುತ್ತಿದ್ದಾರೆ. ರೈತ ಅದನ್ನು ಬೆಳೆನಷ್ಟವೆಂದು ಬರೆದುಕೊಳ್ಳುತ್ತಾನೆ.

ಯೋಜನೆಯನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಮೂರನೇ ಹಂತದ ಸಂಸ್ಕರಣೆಗೆ ಕಾಲಮಿತಿ ನಿಗದಿಯಾಗಲಿ. ಅಲ್ಲಿಯವರೆಗೆ ಪ್ರತಿ ಕೆರೆಯ, ಅದರ ಸುತ್ತಲ ಕೊಳವೆಬಾವಿಗಳ ನೀರಿನಲ್ಲಿರುವ ಲವಣ, ಸೋಡಿಯಂ, ನೈಟ್ರೇಟ್ ಪ್ರಮಾಣವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಯಲಿ. ಸೊಪ್ಪು ಬೆಳೆಯುವವನಿಗೆ ತನ್ನ ತೋಟಕ್ಕೆ ಹರಿಯುವುದೇನೆಂದು ತಿಳಿಯುವ ಹಕ್ಕಿದೆ. ಹುಳು ಸತ್ತ ಮೇಲೆ ಬರುವ ವರದಿಯಿಂದ ಅವನಿಗೆ ಪ್ರಯೋಜನವಿಲ್ಲ.