ಗಣಕದ ಬಾಗಿಲಿಗೊಬ್ಬ ಕಾವಲುಗಾರ

2003ನೆಯ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಗಣಕಹುಳುವೊಂದು ಜಗತ್ತಿನ ಜಾಲಗಳೊಳಗೆ ನುಗ್ಗಿತು. ಅದರ ಗಾತ್ರ ಕೇವಲ 376 ಬೈಟುಗಳು. ಅಂದರೆ ಅಂಚೆಯ ಕಾರ್ಡೊಂದರಲ್ಲಿ ಬರೆದು ಮುಗಿಸಬಹುದಾದಷ್ಟು ಅಕ್ಷರಗಳು. ಮೊದಮೊದಲು ಎಂಟೂವರೆ ಸೆಕೆಂಡಿಗೊಮ್ಮೆ ಅದರ ಸಂತತಿ ಇಮ್ಮಡಿಯಾಯಿತು. ಹತ್ತು ನಿಮಿಷಗಳೊಳಗಾಗಿ, ಅದಕ್ಕೆ ತುತ್ತಾಗಬಲ್ಲ ಗಣಕಗಳಲ್ಲಿ ನೂರಕ್ಕೆ ತೊಂಬತ್ತು ಸೋಂಕಿಗೆ ಒಳಗಾಗಿದ್ದವು. ಬ್ಯಾಂಕುಗಳ ಹಣ ನೀಡುವ ಯಂತ್ರಗಳು ಸ್ತಬ್ಧವಾದವು. ವಿಮಾನ ಸಂಚಾರಕ್ಕೂ ಅಡಚಣೆಯಾಯಿತು.

ಈ ಹುಳು ಒಳಹೊಕ್ಕುದೆಂತು? ಗಣಕವನ್ನು ಅನೇಕ ಬಾಗಿಲುಗಳುಳ್ಳ ಛತ್ರವೆಂದು ಭಾವಿಸೋಣ. ‘ಪೋರ್ಟ್’ಗಳೆಂದು ಕರೆಯಲಾಗುವ ಈ ಬಾಗಿಲುಗಳಿಗೆ 0ಯಿಂದ 65,535ರ ವರೆಗೆ ಸಂಖ್ಯೆಗಳುಂಟು. ಸ್ಲ್ಯಾಮರ್ ತಟ್ಟಿದುದು 1434ನೆಯದನ್ನು. ಅದರ ಹಿಂದಿದ್ದ ತಂತ್ರಾಂಶದ ದೋಷಕ್ಕೆ ಆರು ತಿಂಗಳ ಹಿಂದೆಯೇ ಪರಿಹಾರ ದೊರೆತಿದ್ದರೂ ಅನೇಕರು ಅದನ್ನು ಅಳವಡಿಸಿರಲಿಲ್ಲ. ಆದರೆ ಆ ಬಾಗಿಲನ್ನು ಹೊರಗಿನವರಿಗೆ ಮುಚ್ಚಿಟ್ಟಿದ್ದರೂ ಸಾಕಾಗುತ್ತಿತ್ತು. ಮುಚ್ಚುವ ಆ ಕೆಲಸವೇ ‘ಫೈರ್‌ವಾಲ್’ನದು. ಒಂದು ಮನೆಯ ಕಿಚ್ಚು ಪಕ್ಕದ ಮನೆಗೆ ಹಬ್ಬದಂತೆ ನಡುವೆ ಕಟ್ಟುವ ಗೋಡೆಯಿಂದ ಬಂದ ಹೆಸರಿದು.

ಇಂಥ ಕಾವಲುಗಾರನನ್ನು ಆರಿಸುವಾಗ ಏನನ್ನು ಪರೀಕ್ಷಿಸಬೇಕು? ಮೊದಲನೆಯದಾಗಿ, ಕರೆಯದೆ ಬಂದವರನ್ನೆಲ್ಲ ತಡೆಯುವುದು ಅವನ ಸಹಜ ನಿಯಮವಾಗಿರಬೇಕು. ಎರಡನೆಯದಾಗಿ, ಅವನಿಗೆ ನೆನಪಿರಬೇಕು: ನಾವು ಕಳುಹಿದ ಕೋರಿಕೆಗೆ ಬಂದ ಉತ್ತರವನ್ನು ಗುರುತಿಸಿ ಒಳಬಿಡಬೇಕು. ಮೂರನೆಯದಾಗಿ, ಒಳಗಿನಿಂದ ಹೊರಹೋಗುವುದನ್ನೂ ವಿಚಾರಿಸಬಲ್ಲವನಾದರೆ ಲೇಸು. ಕದ್ದ ಮಾಹಿತಿ ಸಾಗುವುದು ಆ ದಾರಿಯಲ್ಲಿಯೇ. ನಾಲ್ಕನೆಯದಾಗಿ, ಅವನು ವಾಚಾಳಿಯಾಗಿರಬಾರದು. ಗಳಿಗೆಗೊಮ್ಮೆ ಎಚ್ಚರಿಸಿದರೆ ಬೇಸತ್ತ ಬಳಕೆದಾರ ಓದದೆಯೇ ‘ಆಗಲಿ’ ಎಂದು ಒತ್ತಿಬಿಡುತ್ತಾನೆ.

ಇದಕ್ಕಾಗಿ ಹಣ ತೆರಲೇಬೇಕೆಂದಿಲ್ಲ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣದೊಡನೆ ಫೈರ್‌ವಾಲ್ ತಾನಾಗಿಯೇ ಚಾಲೂ ಆಗಿರುವ ಪದ್ಧತಿ ಬಂದಿತು. ಮನೆಯ ಗಣಕಕ್ಕೆ ಬಹುಮಟ್ಟಿಗೆ ಇಂಥ ಅಂತರ್ಗತ ಕಾವಲೇ ಸಾಕು; ಅದನ್ನು ಆರಿಸದಿರುವುದೇ ಮುಖ್ಯ. ಕಾಲೇಜಿನ ಪ್ರಯೋಗಶಾಲೆಗಾದರೋ ಹೆಬ್ಬಾಗಿಲಿನಲ್ಲೊಂದು, ಪ್ರತಿ ಗಣಕದಲ್ಲೊಂದು, ಹೀಗೆ ಎರಡು ಕಾವಲು ಬೇಕು. ಏಕೆಂದರೆ ಯಾರೋ ಹೊರಗಿನಿಂದ ತಂದ ಲ್ಯಾಪ್‌ಟಾಪಿನ ಸೋಂಕು ಹೆಬ್ಬಾಗಿಲಿನ ಕಾವಲಿಗೆ ಕಾಣದು.

ಕಾವಲುಗಾರನಿಗೂ ಮಿತಿಯುಂಟು. ಅಪರಿಚಿತ ಪತ್ರದ ಲಗತ್ತನ್ನು ನಾವೇ ತೆರೆದರೆ, ಕಳ್ಳನನ್ನು ಕೈಹಿಡಿದು ಕರೆತಂದಂತೆಯೇ ಸರಿ. ತಂತ್ರಾಂಶಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಶ್ರದ್ಧೆಯೂ ಇರಬೇಕು. ಸ್ಲ್ಯಾಮರಿಗೆ ಬೇಕಾದುದು ಹತ್ತು ನಿಮಿಷ. ಅದನ್ನು ತಡೆಯಲು ನಮಗಿದ್ದುದು ಆರು ತಿಂಗಳು.