ಲಿಂಬೆ ವರ್ಗೀಕರಣದಿಂದ ಲಾಭವೆಷ್ಟು? ಲೆಕ್ಕ ಹಾಕಿ ನೋಡಿರಿ

ಇಂಡಿ ತಾಲೂಕಿನಲ್ಲಿ ಲಿಂಬೆ ಪ್ರಮುಖ ತೋಟಗಾರಿಕೆ ಬೆಳೆ. ಹಣ್ಣನ್ನು ಗಾತ್ರ, ಬಣ್ಣ, ಕಲೆಗಳನ್ನು ನೋಡಿ ವರ್ಗೀಕರಿಸಿದರೆ ಹೆಚ್ಚು ಬೆಲೆ ದೊರೆಯುತ್ತದೆಂದು ನೀವು ಕೇಳಿರಬಹುದು. ಆದರೆ ಖರ್ಚು ಕಳೆದು ಕೈಗೆ ಉಳಿಯುವುದೆಷ್ಟು? ಇಂಡಿಯಲ್ಲಾಗಲಿ ಲಚ್ಯಾಣದಲ್ಲಾಗಲಿ, ಬೆಳೆಗಾರರು ತಾವೇ ಇದನ್ನು ಅಳೆದು ನೋಡಬಹುದು.

ದರ್ಜೆಯ ಉದ್ದೇಶ

ಕೃಷಿ ಉತ್ಪನ್ನಗಳಿಗೆ ದರ್ಜೆ ಗೊತ್ತುಪಡಿಸಲು 1937ರಲ್ಲಿ ಕಾಯಿದೆಯಾಯಿತು. ಅಗ್‌ಮಾರ್ಕ್ ಮುದ್ರೆ ಅದರಡಿ ಬಂದುದು. ದರ್ಜೆ ನಂಬುವಂತಿದ್ದರೆ ದೂರದ ಖರೀದಿದಾರನು ಚೀಲ ಬಿಚ್ಚದೆಯೇ ಬೆಲೆ ಹೇಳಬಲ್ಲನು. 2023ರಲ್ಲಿ ಇಂಡಿ ಲಿಂಬೆಗೆ ದೊರೆತ ಭೌಗೋಳಿಕ ಸೂಚಿಕೆಯ ಕೆಲಸ ಬೇರೆ. ಅದು ಹಣ್ಣು ಯಾವ ಸೀಮೆಯದೆಂದು ತಿಳಿಸುತ್ತದೆ. ದಪ್ಪ, ಸಣ್ಣ ಹಣ್ಣನ್ನು ಬೇರ್ಪಡಿಸುವ ಕೆಲಸ ನಿಮ್ಮದೇ.

ಅಳೆಯುವ ವಿಧಾನ

ಒಂದೇ ದಿನ ಆರಿಸಿದ ಹಣ್ಣನ್ನು ಚೆನ್ನಾಗಿ ಬೆರೆಸಿ ಎರಡು ಸಮಪಾಲು ಮಾಡಿರಿ. ಒಂದು ಪಾಲನ್ನು ಹಾಗೆಯೇ, ಇನ್ನೊಂದನ್ನು ವರ್ಗೀಕರಿಸಿ, ಒಂದೇ ದಿನ ಒಂದೇ ಮಾರುಕಟ್ಟೆಯಲ್ಲಿ ಮಾರಿರಿ. ಬೇಸಿಗೆಯಲ್ಲಿ ಲಿಂಬೆಯ ದರ ತಾನಾಗಿಯೇ ಏರುತ್ತದೆ. ಆದ್ದರಿಂದ ಹಿಂದಿನ ತಿಂಗಳ ದರದೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಉದಾಹರಣೆ (ಅಂಕಿಗಳು ತಿಳುವಳಿಕೆಗಾಗಿ ಮಾತ್ರ; ಚೀಲಕ್ಕೆ ಸಾವಿರ ಹಣ್ಣು):

ವರ್ಗೀಕರಿಸದ 10 ಚೀಲ, ತಲಾ 800 ರೂ.: 8,000 ರೂ.

ವರ್ಗೀಕರಿಸಿದ 10 ಚೀಲ:
ದಪ್ಪ ಹಣ್ಣು, 4 ಚೀಲ, ತಲಾ 1,100 ರೂ.: 4,400 ರೂ.
ಮಧ್ಯಮ, 4 ಚೀಲ, ತಲಾ 800 ರೂ.: 3,200 ರೂ.
ಸಣ್ಣ ಹಾಗೂ ಕಲೆಯ ಹಣ್ಣು, 2 ಚೀಲ, ತಲಾ 450 ರೂ.: 900 ರೂ.
ಒಟ್ಟು: 8,500 ರೂ.

ಹೆಚ್ಚಿಗೆ ಬಂದುದು 500 ರೂ. ವಿಂಗಡಿಸುವ ಕೂಲಿ 350 ರೂ. ಕಳೆದರೆ ಉಳಿದುದು 150 ರೂ., ಅಂದರೆ ಚೀಲಕ್ಕೆ 15 ರೂ. ಮಾತ್ರ.

ಗಮನಿಸಬೇಕಾದ ಅಂಶಗಳು

1. ದಪ್ಪ ಹಣ್ಣಿನ 1,100 ರೂ. ದರವನ್ನಷ್ಟೇ ನೋಡಿ ಚೀಲಕ್ಕೆ 300 ರೂ. ಲಾಭವೆಂದು ತಿಳಿಯಬಾರದು. ಸಣ್ಣ ಹಣ್ಣಿಗೆ ಇಳಿದ ದರವೂ ಲೆಕ್ಕಕ್ಕೆ ಬರಬೇಕು.

2. ಮನೆಯವರೇ ವಿಂಗಡಿಸಿದರೂ ಅವರ ಕೂಲಿ ಹಿಡಿಯಬೇಕು.

3. ಒಂದು ಸಲದ ಮಾರಾಟದಿಂದ ತೀರ್ಮಾನಕ್ಕೆ ಬರಬೇಡಿರಿ. ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ಕೆಲವು ಸಲ ಮಾಡಿ ಬರೆದಿಡಿರಿ. ಯಾವ ಹಂಗಾಮಿನಲ್ಲಿ ಕೂಲಿಯೂ ಹುಟ್ಟುವುದಿಲ್ಲವೋ ಆಗ ವರ್ಗೀಕರಣ ಬಿಡುವುದೇ ಲೇಸು.

ಒಂದು ತಾಲೂಕಿನಲ್ಲಿ ವರ್ಗೀಕರಣ ಯೋಜನೆಯ ಫಲವನ್ನು ಅಳೆಯಲೂ ಇದೇ ಸೂತ್ರ. ಸೇರಿದ ಬೆಳೆಗಾರರ ನಿವ್ವಳ ಆದಾಯವನ್ನು, ಅಂಥದೇ ತೋಟವಿದ್ದೂ ಸೇರದವರ ಆದಾಯದೊಡನೆ ಅದೇ ಹಂಗಾಮಿನಲ್ಲಿ ಹೋಲಿಸಬೇಕು. ಯೋಜನೆಗೆ ತಗಲಿದ ವೆಚ್ಚವನ್ನೂ ಕಳೆಯಬೇಕು. ಯಾರಾದರೂ ಲಾಭದ ಅಂಕಿ ಹೇಳಿದಾಗ, ಯಾವುದರೊಡನೆ ಹೋಲಿಸಿದ್ದು, ಯಾವ ಖರ್ಚು ಕಳೆದದ್ದು ಎಂದು ಕೇಳಿ ತಿಳಿಯಿರಿ.