ಸಿಡಿಲು ನೆಲದಿಂದಲೂ ಬರುತ್ತದೆ

ಸಿಡಿಲು ಬಡಿದು ಸತ್ತರು ಎಂದ ಕೂಡಲೇ ಆಕಾಶದಿಂದ ನೇರವಾಗಿ ನೆತ್ತಿಗೆ ಇಳಿದ ಬೆಂಕಿಯನ್ನೇ ನಾವು ನೆನೆಯುತ್ತೇವೆ. ಹಾಗೆ ಆಗುವುದು ಅಪರೂಪ. ಸಿಡಿಲಿನ ಗಾಯಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ವೈದ್ಯೆ ಮೇರಿ ಆನ್ ಕೂಪರ್ ಮತ್ತು ಸಂಗಡಿಗರ ಅಂದಾಜಿನಂತೆ, ನೇರ ಹೊಡೆತಕ್ಕೆ ಸಿಕ್ಕುವವರು ನೂರರಲ್ಲಿ 3ರಿಂದ 5 ಮಂದಿ ಮಾತ್ರ. ಅರ್ಧದಷ್ಟು ಜನಕ್ಕೆ ತಗಲುವುದು ನೆಲದಲ್ಲಿ ಹರಡಿದ ವಿದ್ಯುತ್ತು. ಉಳಿದವರಲ್ಲಿ ಹೆಚ್ಚಿನವರಿಗೆ ಪಕ್ಕದ ಮರದಿಂದ ಚಿಮ್ಮಿ ಬರುತ್ತದೆ, ಇಲ್ಲವೇ ಮುಟ್ಟಿಕೊಂಡಿದ್ದ ಪೈಪು, ತಂತಿಗಳ ಮೂಲಕ ಹರಿಯುತ್ತದೆ.

2016ರ ಆಗಸ್ಟ್‌ನಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಒಟ್ಟಿಗೆ ಸತ್ತು ಬಿದ್ದಿದ್ದವು. ಒಂದೊಂದರ ಮೇಲೂ ಸಿಡಿಲು ಎರಗಿರಲಿಲ್ಲ. ಸಿಡಿಲು ಬಿದ್ದ ಜಾಗದಿಂದ ದೂರ ಹೋದಷ್ಟೂ ನೆಲದ ವೋಲ್ಟೇಜು ಇಳಿಯುತ್ತಾ ಹೋಗುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ಇದ್ದಾಗ ಆ ವ್ಯತ್ಯಾಸವೇ ಎದೆಯ ಮೂಲಕ ವಿದ್ಯುತ್ತನ್ನು ಹರಿಸುತ್ತದೆ. ಬೇವಿನ ಮರದಡಿ ನಿಂತ ಕುರಿಹಿಂಡು ಪೂರ್ತಿ ಸಾಯುವುದೂ, ಮನುಷ್ಯನಿಗಿಂತ ದನಕ್ಕೆ ಹೆಚ್ಚು ಅಪಾಯ ಇರುವುದೂ ಇದೇ ಕಾರಣಕ್ಕೆ.

ಮನೆಯ ರಕ್ಷಣೆಯನ್ನೂ ಹೀಗೆ ನೆಲದಿಂದ ಮೇಲಕ್ಕೆ ಯೋಚಿಸಬೇಕು. ನಾವು ಮಾಡುವುದು ತದ್ವಿರುದ್ಧ. ತಾರಸಿಯ ಮೇಲೆ ತಾಮ್ರದ ಸಲಾಕೆ ನಿಲ್ಲಿಸಿ, ಲೈಟ್ನಿಂಗ್ ಅರೆಸ್ಟರ್ ಹಾಕಿಸಿದೆವೆಂದು ನೆಮ್ಮದಿಯಾಗಿ ಇದ್ದುಬಿಡುತ್ತೇವೆ. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಕಂಡುಕೊಂಡ ಈ ಸಲಾಕೆಯ ಕೆಲಸ ಸರಳ: ಹೇಗೂ ಬೀಳಲಿರುವ ಸಿಡಿಲನ್ನು ತನ್ನ ಮೇಲೆ ತೆಗೆದುಕೊಂಡು, ದಪ್ಪ ತಂತಿ ಅಥವಾ ಪಟ್ಟಿಯ ಮೂಲಕ ಮಣ್ಣಿಗೆ ಇಳಿಸುವುದು. ಮಣ್ಣಿನಲ್ಲಿ ಅದಕ್ಕೆ ದಾರಿ ಸಿಗದಿದ್ದರೆ ಸಲಾಕೆ ಇದ್ದೂ ಅಪಾಯವೇ.

ಲೆಕ್ಕ ನೋಡಿ. ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಅರ್ಥಿಂಗ್‌ನ ರೋಧ 10 ಓಮ್ ಇದ್ದರೂ, ಅಂದರೆ ಒಳ್ಳೆಯದೆಂದೇ ಒಪ್ಪುವ ಮಟ್ಟದಲ್ಲಿದ್ದರೂ, ಆ ಕ್ಷಣಕ್ಕೆ ಅಲ್ಲಿನ ವೋಲ್ಟೇಜು 3 ಲಕ್ಷಕ್ಕೆ ಏರುತ್ತದೆ. ಸಿಡಿಲಿನ ಅರ್ಥಿಂಗ್ ಒಂದು ಕಡೆ, ಮನೆಯ ಕರೆಂಟಿನ ಅರ್ಥಿಂಗ್ ಇನ್ನೊಂದು ಕಡೆ ಬೇರೆಬೇರೆಯಾಗಿದ್ದರೆ ಈ 3 ಲಕ್ಷ ವೋಲ್ಟು ಅವೆರಡರ ನಡುವೆ ನಿಲ್ಲುತ್ತದೆ; ಗೋಡೆ, ಟಿವಿ, ನಲ್ಲಿ, ಯಾವುದರ ಮೂಲಕವಾದರೂ ಹಾರುತ್ತದೆ. ಆದ್ದರಿಂದ ಎಲ್ಲ ಅರ್ಥಿಂಗ್‌ಗಳನ್ನೂ, ಮನೆಯೊಳಗೆ ಬರುವ ಲೋಹದ ಪೈಪುಗಳನ್ನೂ ಒಂದಕ್ಕೊಂದು ತಂತಿಯಿಂದ ಜೋಡಿಸಲೇಬೇಕು. ಆಗ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ನಡುವೆ ಕಿಡಿ ಹಾರಲು ಕಾರಣವಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಮನೆ ಕಟ್ಟುವವರು ಎಲೆಕ್ಟ್ರಿಷಿಯನ್‌ಗೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಈ ಜೋಡಣೆಯದೇ, ಕೇಳುವವರು ಮಾತ್ರ ಕಡಿಮೆ.

ಇನ್ನೊಂದು ಮಾತು. ನಮ್ಮಲ್ಲಿ ಸಿಡಿಲಿನ ಹಾವಳಿ ಹೆಚ್ಚು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳಲ್ಲಿ, ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ. ಮಣ್ಣು ಬಿರುಕು ಬಿಟ್ಟು ಒಣಗಿರುವುದೂ ಆಗಲೇ. ಒಣಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಿರಿ. ಯುಗಾದಿಯ ಹೊತ್ತಿಗೆ ಅದರ ರೋಧವನ್ನು ಅಳೆಸಿ.

ಚಿಕ್ಕ ಮನೆಗೆ ಸಲಾಕೆ ಹಾಕಿಸಲು ಆಗದಿದ್ದರೂ ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು. ದೂರದ ಕಂಬಕ್ಕೆ ಬಡಿದ ಸಿಡಿಲು ತಂತಿ ಹಿಡಿದು ಬಂದಾಗ ಅದು ಬಹುಮಟ್ಟಿಗೆ ತಡೆಯುತ್ತದೆ. ಹತ್ತಿರದಲ್ಲೇ ಬಿದ್ದದ್ದನ್ನು ತಡೆಯುತ್ತದೆಂಬ ಭರವಸೆ ಬೇಡ. ಗುಡುಗು ಕೇಳುವ ಮೊದಲೇ ಟಿವಿ, ಫ್ರಿಜ್ಜು, ಮೋಡೆಮ್‌ಗಳ ಪ್ಲಗ್ ಕಿತ್ತುಬಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಗುಡುಗುತ್ತಿರುವಾಗ ಸ್ನಾನ, ಪಾತ್ರೆ ತೊಳೆಯುವುದು ಬೇಡ. ಕಾಂಕ್ರೀಟು ಗೋಡೆಗೆ ಒರಗಿ ಕೂರುವುದೂ ಬೇಡ, ಒಳಗೆ ಕಬ್ಬಿಣವಿದೆ. ಮೊಬೈಲು ಸಿಡಿಲನ್ನು ಕರೆಯುವುದಿಲ್ಲ; ಚಾರ್ಜಿಗೆ ಹಾಕಿದ ಮೊಬೈಲು ಕೈಯಲ್ಲಿದ್ದರೆ ಮಾತು ಬೇರೆ.

ಗುಡುಗಿದಾಗ ಅಜ್ಜಿಯರು ಮಕ್ಕಳನ್ನು ಒಳಗೆ ಕರೆದು ಅರ್ಜುನನ ಹೆಸರುಗಳನ್ನು ಹೇಳಿಸುತ್ತಿದ್ದರು. ಆ ಪದ್ಧತಿಯಲ್ಲಿ ನನಗೆ ಹಿಡಿಸುವುದು, ಅಷ್ಟು ಹೊತ್ತೂ ಮಕ್ಕಳು ಅಂಗಳ ಬಿಟ್ಟು ಒಳಗೆ ಕೂರುತ್ತಿದ್ದರು ಎಂಬುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆಯೇ ಹೊರಗೆ ಹೋಗಬೇಕೆಂದು ವಿಜ್ಞಾನಿಗಳೂ ಹೇಳುತ್ತಾರೆ.

ದೇಶದಲ್ಲಿ 2022ರಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ. ಹೊಲದಲ್ಲಿರುವವರಿಗೆ ಅಪಾಯ ಹೆಚ್ಚು. ಮನೆಯ ಅರ್ಥಿಂಗ್ ಎಷ್ಟೇ ಚೆನ್ನಾಗಿರಲಿ, ಅವರು ಹೊತ್ತಿಗೆ ಮನೆ ಸೇರಿದರೆ ತಾನೇ ಪ್ರಯೋಜನ? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಮೊದಲೇ ಎಚ್ಚರಿಸುತ್ತವೆ. ಮನೆಯಲ್ಲಿರುವ ಮಗಳೋ ಮಗನೋ ಅದನ್ನು ನೋಡಿ ಹೊಲದಲ್ಲಿರುವ ಅಪ್ಪನಿಗೆ ಫೋನು ಮಾಡಲಿ. ಅಪ್ಪ ಹುಣಸೆ ಮರದಡಿಗಾಗಲೀ ಗೋಡೆಯಿಲ್ಲದ ತಗಡಿನ ಶೆಡ್ಡಿಗಾಗಲೀ ಹೋಗದೆ ಪಕ್ಕಾ ಮನೆಗೆ, ಇಲ್ಲವೇ ಗಾಜು ಏರಿಸಿದ ಕಾರಿನೊಳಗೆ ಹೋಗಲಿ.

ಸಿಡಿಲು ತಗುಲಿ ಬಿದ್ದವರನ್ನು ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಉಸಿರು ನಿಂತವರ ಕಡೆಗೆ ಮೊದಲು ಓಡಿ. ನಿಂತ ಹೃದಯ ಎಷ್ಟೋ ಸಲ ತಾನಾಗಿ ಮತ್ತೆ ಬಡಿಯತೊಡಗುತ್ತದೆ, ಉಸಿರು ಮಾತ್ರ ಅಷ್ಟು ಬೇಗ ಮರಳುವುದಿಲ್ಲ. 108ಕ್ಕೆ ಕರೆ ಮಾಡಿಸಿ, ಎದೆ ಒತ್ತುತ್ತಾ ಬಾಯಿಯಿಂದ ಉಸಿರು ಕೊಡುತ್ತಾ ಇರಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.